ಅಕ್ಕನ ಹೊಟ್ಟೆಗೆ 6 ಸೂಜಿ

ಬೆಳ್ತಂಗಡಿಯ ತೋಟದ ಮನೆಯಲ್ಲಿ ಅಕ್ಕ ಮೆಟ್ಟುಕತ್ತಿಯ ಮುಂದೆ ಅಡಿಕೆ ಸುಲಿಯಲು ಕೂತರೆ, ಹೊಟ್ಟೆಯ ಉಬ್ಬು ತೊಡೆಯ ಮೇಲೆ ಬಂದು ಒರಗುತ್ತಿತ್ತು. ಹಳೆಯ ಆಪರೇಷನ್ನಿನ ಗಾಯ ಒಳಗಿಂದ ಬಿಟ್ಟುಕೊಂಡು ಆದ ಹರ್ನಿಯಾ. ಹೊಟ್ಟೆಗೆ ಹತ್ತಿ ಸೀರೆಯ ತುಂಡು ಬಿಗಿದು ಸುತ್ತಿಕೊಂಡೇ ವರ್ಷಗಳನ್ನು ಕಳೆದಳು. ಮೂಡುಬಿದಿರೆಯಲ್ಲಿ ಸ್ಕ್ಯಾನ್ ಮಾಡಿಸಿದಾಗ ತಿಳಿಯಿತು, ಸ್ನಾಯುಗಳ ನಡುವಿನ ಬಿರುಕು ನನ್ನ ಅಂಗೈಗಿಂತ ಅಗಲ.

ಇಂಥದ್ದನ್ನು ಬಲವಂತವಾಗಿ ಎಳೆದು ಹೊಲಿದರೆ ಹೊಲಿಗೆ ಹರಿಯಬಹುದು, ಹೊಟ್ಟೆಯೊಳಗಿನ ಒತ್ತಡ ಏರಿ ಉಸಿರಾಟಕ್ಕೂ ಕಷ್ಟ. ಹಾಗಾಗಿ ಮಂಗಳೂರಿನ ಸರ್ಜನ್ ಆಪರೇಷನ್ನಿಗೆ 4 ವಾರ ಮೊದಲೇ ಬೊಟುಲಿನಮ್ ಟಾಕ್ಸಿನ್ ಚುಚ್ಚಿಸಿದರು. ಮುಖದ ಸುಕ್ಕಿಗೆ ಬಳಸುವ ಬೊಟಾಕ್ಸ್ ಇದೇ. ಹೊಟ್ಟೆಯ ಪಕ್ಕದಲ್ಲಿ ಒಂದರ ಮೇಲೊಂದು 3 ಸ್ನಾಯುಪದರಗಳಿವೆ. ಅಲ್ಟ್ರಾಸೌಂಡ್ ಪರದೆಯಲ್ಲಿ ಅವನ್ನು ನೋಡುತ್ತಾ, ಎಡಕ್ಕೆ 3, ಬಲಕ್ಕೆ 3 ಕಡೆ ಸೂಜಿ ಇಳಿಸಿದರು. ನರದ ತುದಿಯಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ಮದ್ದು ತಡೆಯುತ್ತದೆ. 2ರಿಂದ 4 ವಾರಗಳಲ್ಲಿ ಬಿಗಿದ ಸ್ನಾಯು ಸಡಿಲಿ ಉದ್ದವಾಗುತ್ತದೆ. ಮೆಕ್ಸಿಕೋದ ವೈದ್ಯರು 2009ರಲ್ಲಿ ಈ ಕ್ರಮವನ್ನು ವರದಿ ಮಾಡಿದ್ದರು. ಎಲ್ಲ ಹರ್ನಿಯಾಕ್ಕೂ ಇದು ಬೇಡ; ಮದ್ದು ದುಬಾರಿ ಕೂಡ.

ಆ 4 ವಾರ ಅಕ್ಕ ಬಂಟ್ವಾಳದ ನಮ್ಮ ಮನೆಯಲ್ಲಿದ್ದಳು. "ತಮ್ಮಾ, ಕೆಮ್ಮಲಿಕ್ಕೇ ಬಲ ಇಲ್ಲ ಮಾರಾಯ" ಎಂದು ಹೆದರಿದಳು. ಅದು ಮದ್ದಿನದೇ ಪರಿಣಾಮ, ತಿಂಗಳುಗಳಲ್ಲಿ ಇಳಿಯುತ್ತದೆ ಎಂದು ವೈದ್ಯರು ಮೊದಲೇ ಹೇಳಿದ್ದರು. ಕೆಮ್ಮು ಬಂದಾಗಲೆಲ್ಲ ಹೊಟ್ಟೆಗೆ ದಿಂಬು ಒತ್ತಿ ಹಿಡಿಯುತ್ತಿದ್ದೆ. ವೈದ್ಯರ ಇಂಥ ಎಚ್ಚರಿಕೆಯ ಮಾತನ್ನು ರೋಗಿಯ ಮನೆಯವರೂ ಕೇಳಿಸಿಕೊಳ್ಳಲೇಬೇಕು.

ಆಪರೇಷನ್ ದಿನ ಎರಡೂ ಅಂಚು ಎಳೆತವಿಲ್ಲದೆ ಕೂಡಿದವು, ಮೇಲೆ ಬಲೆ (ಮೆಶ್) ಕೂರಿಸಿದರು. ಸೀರೆಯ ಆ ತುಂಡನ್ನು ಅಕ್ಕ ಈಗ ತೊಟ್ಟಿಲಿಗೆ ಕಟ್ಟಿದ್ದಾಳೆ, ಮೊಮ್ಮಗುವಿಗೆ.