ಮರುಮದುವೆಯಾದರೆ ಹಳೆಯ ಆದೇಶ ಏನಾಗುತ್ತದೆ?

ಕಾನೂನು ಅರಿವಿನ ಸಭೆ ಎಲ್ಲೇ ನಡೆಯಲಿ, ಪ್ರಶ್ನೆ ಕೇಳುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬರಾದರೂ ಎದ್ದು ಕೇಳುತ್ತಾರೆ: "ಸಾರ್, ಅವಳು ಇನ್ನೊಂದು ಮದುವೆ ಆದ್ಲು. ನಾನಿನ್ನೂ ಯಾಕೆ ದುಡ್ಡು ಕಟ್ಟಬೇಕು?" ಅದರ ಬೆನ್ನಿಗೇ ಹೆಂಗಸರ ಕಡೆಯಿಂದ ಬರುವ ಪ್ರಶ್ನೆ: "ಅವರು ಮದುವೆ ಮಾಡ್ಕೊಂಡು ಆರಾಮಾಗಿದಾರೆ, ಇನ್ನು ನನಗೆ ಬರೋದು ನಿಂತುಹೋಗುತ್ತಾ?" ಎರಡಕ್ಕೂ ಒಂದೇ ಮಾತಿನ ಉತ್ತರವಿಲ್ಲ.

ಕೈಯಲ್ಲಿರುವ ಕಾಗದ ಯಾವುದು ಎಂದು ಮೊದಲು ನೋಡಿಕೊಳ್ಳಬೇಕು. ಕರ್ನಾಟಕದ ಕೌಟುಂಬಿಕ ನ್ಯಾಯಾಲಯಗಳಲ್ಲಿ ಪ್ರಕರಣದ ಸಂಖ್ಯೆಯೇ ಇದನ್ನು ಹೇಳುತ್ತದೆ. 'ಎಂ.ಸಿ.' ಎಂದಿದ್ದರೆ ವಿಚ್ಛೇದನದಂಥ ವೈವಾಹಿಕ ಪ್ರಕರಣ. 'ಸಿ.ಮಿಸ್.' ಎಂದಿದ್ದರೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಜೀವನಾಂಶ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೀಗ 144ನೇ ಕಲಮು. 'ಜಿ ಅಂಡ್ ಡಬ್ಲ್ಯು.ಸಿ.' ಎಂದರೆ 1890ರ ಪೋಷಕರು ಮತ್ತು ಪಾಲ್ಯರ ಕಾಯಿದೆಯ ಕೆಳಗೆ ಮಗುವಿನ ಸುಪರ್ದಿ. 

ಜನ ಎಡವುವ ಜಾಗಕ್ಕೆ ನೇರ ಹೋಗೋಣ. ಮರುಮದುವೆಯ ದಿನವೇ ಹಳೆಯ ಆದೇಶ ತಾನಾಗಿ ರದ್ದಾಯಿತು ಎಂದು ಬಹಳ ಮಂದಿ ನಂಬಿದ್ದಾರೆ. ಹಾಗಿಲ್ಲ. ಯಾರಾದರೂ ಅರ್ಜಿ ಹಾಕಿ, ನ್ಯಾಯಾಲಯ ಅದನ್ನು ವಿಚಾರಿಸಿ ಇನ್ನೊಂದು ಆದೇಶ ಮಾಡುವವರೆಗೆ ಹಳೆಯದು ಜೀವಂತ. ಅರ್ಜಿ ಹಾಕಿದ ಮೇಲೆ ಏನಾಗುತ್ತದೆ ಎಂಬುದು ಯಾವ ಕಾಯಿದೆಯ ಆದೇಶ ಎಂಬುದರ ಮೇಲೆ ನಿಂತಿದೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಸ್ವಾರಸ್ಯ ಕಾಣುವುದೂ ಇಲ್ಲೇ.

ಸಿ.ಮಿಸ್. ಆದೇಶವನ್ನು ಮೊದಲು ನೋಡಿ. ಅದಕ್ಕೆ ಆಧಾರವಾದ 125ನೇ (ಈಗಿನ 144ನೇ) ಕಲಮಿನ ಪ್ರಕಾರ 'ಹೆಂಡತಿ' ಎಂದರೆ ವಿಚ್ಛೇದನವಾಗಿ ಮರುಮದುವೆಯಾಗದ ಹೆಣ್ಣೂ ಸೇರುತ್ತಾಳೆ. ಆಕೆ ಮರುಮದುವೆಯಾದಳೆಂದು ಮನವರಿಕೆಯಾದರೆ ನ್ಯಾಯಾಲಯ ಜೀವನಾಂಶವನ್ನು ರದ್ದು ಮಾಡಲೇಬೇಕು, ಅದೂ ಮದುವೆಯ ದಿನದಿಂದಲೇ. ಹಳೆಯ ಸಂಹಿತೆಯ 127(3) ಇದನ್ನೇ ಹೇಳುತ್ತಿತ್ತು, ಹೊಸ ಸಂಹಿತೆಯ 146ನೇ ಕಲಮೂ ಅದನ್ನೇ ಹೇಳುತ್ತದೆ. ನ್ಯಾಯಾಧೀಶರ ವಿವೇಚನೆಗೆ ಇಲ್ಲಿ ಜಾಗವಿಲ್ಲ.

ಈಗ 1955ರ ಹಿಂದೂ ವಿವಾಹ ಕಾಯಿದೆಯ 25ನೇ ಕಲಮಿಗೆ ಬನ್ನಿ. ವಿಚ್ಛೇದನದ ಜೊತೆ ಕೊಡುವ ಶಾಶ್ವತ ಜೀವನಾಂಶ ಇದರ ಕೆಳಗೆ ಬರುತ್ತದೆ. ಕಾಯಿದೆ ಬಂದ ಹೊಸತರಲ್ಲಿ ಇಲ್ಲೂ ಮಾತು ಖಡಾಖಂಡಿತವಾಗಿತ್ತು: ಜೀವನಾಂಶ ಪಡೆಯುವವರು ಮರುಮದುವೆಯಾದರೆ ಆದೇಶ ರದ್ದಾಗಲೇಬೇಕು. 1976ರ ತಿದ್ದುಪಡಿ ಅದನ್ನು ಸಡಿಲಿಸಿತು. ಈಗ ಎದುರು ಪಕ್ಷದವರು ಕೇಳಿಕೊಂಡರೆ ನ್ಯಾಯಾಲಯ ಆದೇಶವನ್ನು ಬದಲಿಸಬಹುದು, ಕಡಿಮೆ ಮಾಡಬಹುದು, ರದ್ದೂ ಮಾಡಬಹುದು; ಯಾವುದು ನ್ಯಾಯವೋ ಅದು. ಈ 'ಬಹುದು' ಎಂಬುದನ್ನು ಕಡೆಗಣಿಸಿ ಓದುವ ವಕೀಲರೂ ಇದ್ದಾರೆ.

ಲೆಕ್ಕ ಹಾಕಿ ನೋಡೋಣ. ಒಂದು ಸಿ.ಮಿಸ್. ಆದೇಶದ ಕೊನೆಯ ಪುಟದಲ್ಲಿ ಹೀಗಿದೆ ಎಂದಿಟ್ಟುಕೊಳ್ಳಿ: ಎದುರುದಾರನು 1ನೇ ಅರ್ಜಿದಾರಳಿಗೆ, ಅಂದರೆ ಹೆಂಡತಿಗೆ, ತಿಂಗಳಿಗೆ 8,000 ರೂಪಾಯಿ, 2ನೇ ಅರ್ಜಿದಾರಳಾದ ಅಪ್ರಾಪ್ತ ಮಗಳಿಗೆ 5,000 ರೂಪಾಯಿ ಕೊಡತಕ್ಕದ್ದು. ಮುಂದೆ ವಿಚ್ಛೇದನವಾಗುತ್ತದೆ, ಆಕೆ ಮರುಮದುವೆಯಾಗುತ್ತಾಳೆ. ಸುದ್ದಿ ಕಿವಿಗೆ ಬಿದ್ದ ತಿಂಗಳಿಂದ ಇವನು 13,000ವನ್ನೂ ನಿಲ್ಲಿಸುತ್ತಾನೆ. ಹತ್ತು ತಿಂಗಳಾದ ಮೇಲೆ ಬಾಕಿ ವಸೂಲಿಗೆ ಆಕೆ ಅರ್ಜಿ ಹಾಕುತ್ತಾಳೆ. ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಕೇಳಬೇಕೆಂಬ ನಿಯಮವಿದೆ, ಆಕೆ ಅದರೊಳಗೇ ಇದ್ದಾಳೆ. ನ್ಯಾಯಾಲಯ ಎಫ್.ಎಲ್.ಡಬ್ಲ್ಯು., ಅಂದರೆ ಬಾಕಿ ವಸೂಲಿಯ ವಾರಂಟ್, ಹೊರಡಿಸುತ್ತದೆ, ಪೊಲೀಸರು ಮನೆ ಬಾಗಿಲಿಗೆ ಬರುತ್ತಾರೆ. ಇವನೋ, "ಅವಳಿಗೆ ಮದುವೆ ಆಗಿದೆಯಲ್ಲ!" ಎಂದು ಬೀದಿಯಲ್ಲಿ ನಿಂತು ವಾದಿಸುತ್ತಾನೆ.

ಹೆಂಡತಿಯ ಪಾಲಿನ 80,000ದ ಮಟ್ಟಿಗೆ ಅವನ ವಾದದಲ್ಲಿ ಹುರುಳಿದೆ. ಆದರೆ ಆ ಮಾತನ್ನು ಹೇಳಬೇಕಾದದ್ದು ಪೊಲೀಸ್ ಪೇದೆಗಲ್ಲ, ಆದೇಶ ಮಾಡಿದ ನ್ಯಾಯಾಲಯಕ್ಕೆ, ಪುರಾವೆಯೊಡನೆ. ಹೇಳಿ ಗೆದ್ದರೆ ಮದುವೆಯ ದಿನದಿಂದ ಆ ಭಾಗ ರದ್ದು. ಇದೇ ಆದೇಶ 25ನೇ ಕಲಮಿನದಾಗಿದ್ದರೆ ಎಷ್ಟು, ಯಾವ ದಿನದಿಂದ ಎಂಬುದು ನ್ಯಾಯಾಧೀಶರಿಗೆ ಬಿಟ್ಟದ್ದು. ಇನ್ನು ಮಗಳ ಪಾಲಿನ 50,000ದ ಬಗ್ಗೆ ಅವನ ಬಳಿ ಉತ್ತರವೇ ಇಲ್ಲ. ತಾಯಿ ಮದುವೆಯಾದಳು ನಿಜ. ಮಗಳ ಅಪ್ಪ ಬದಲಾದನೇ? ಮಲತಂದೆ ಶ್ರೀಮಂತನಾಗಿರಲಿ, ಮಗುವನ್ನು ಮುದ್ದಾಗಿ ನೋಡಿಕೊಳ್ಳುತ್ತಿರಲಿ, ವಿಧಿವತ್ತಾಗಿ ದತ್ತು ತೆಗೆದುಕೊಳ್ಳದ ಹೊರತು ಹೆತ್ತ ತಂದೆಯ ಹೊಣೆ ಅವನ ಹೆಗಲಿಗೆ ದಾಟುವುದಿಲ್ಲ. ಹಾಗಾಗಿ ಆದೇಶವನ್ನು ಅರ್ಜಿದಾರರ ಸಂಖ್ಯೆವಾರು ಬಿಡಿಸಿ ಓದಿ. ಒಟ್ಟು ಮೊತ್ತ ಒಂದನ್ನೇ ನೋಡಿದವರೇ ಹೆಚ್ಚಾಗಿ ಸಿಕ್ಕಿಬೀಳುವುದು.

ಮರುಮದುವೆಯನ್ನು ಮುಚ್ಚಿಟ್ಟು ಹಣ ಪಡೆಯುತ್ತ ಹೋಗುವುದೂ ಕ್ಷೇಮವಲ್ಲ. ರದ್ದತಿ ಮದುವೆಯ ದಿನಕ್ಕೆ ಹಿಂದೆ ಸರಿಯುವುದರಿಂದ, ಆಮೇಲೆ ಪಡೆದದ್ದೆಲ್ಲ ಲೆಕ್ಕಕ್ಕೆ ಬರುತ್ತದೆ. ಇಡುಗಂಟಾಗಿ ಒಮ್ಮೆಲೇ ಕೊಟ್ಟು ಮುಗಿಸಿದ ಹಣದ ಕಥೆ ಬೇರೆ. ಆಕೆ ಮರುವರ್ಷವೇ ಮದುವೆಯಾದರೂ ಅದನ್ನು ವಾಪಸು ಕೇಳಲು ಸಾಮಾನ್ಯವಾಗಿ ದಾರಿಯಿಲ್ಲ. ರಾಜಿಪತ್ರದಲ್ಲಿ ಕಂತುಗಳ ಮಾತಿದ್ದರೆ, 'ಮರುಮದುವೆಯಾದರೆ ಉಳಿದ ಕಂತು ಏನು' ಎಂಬ ಒಂದು ಸಾಲನ್ನು ಸಹಿಗೆ ಮೊದಲೇ ಬರೆಸಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು.

ಮುಸ್ಲಿಂ ಮಹಿಳೆಯರ ವಿಷಯವೂ ಇಲ್ಲಿಗೆ ಹತ್ತಿರದ್ದು. ವಿಚ್ಛೇದಿತ ಮುಸ್ಲಿಂ ಮಹಿಳೆಯರ ಹಕ್ಕುಗಳ 1986ರ ಕಾಯಿದೆಯ ಪ್ರಕಾರ ಗಂಡ ಇದ್ದತ್ ಅವಧಿಯೊಳಗೇ, ಅಂದರೆ ವಿಚ್ಛೇದನದ ನಂತರ ಹೆಂಡತಿ ಕಾಯಬೇಕಾದ ಕಾಲದೊಳಗೇ, ಆಕೆಯ ಮುಂದಿನ ಬದುಕಿಗೂ ಏರ್ಪಾಡು ಮಾಡಬೇಕು ಎಂದು 2001ರ ಡ್ಯಾನಿಯಲ್ ಲತೀಫಿ ತೀರ್ಪು ಹೇಳಿತು. ವಿಚ್ಛೇದಿತ ಮುಸ್ಲಿಂ ಮಹಿಳೆ 125ನೇ ಕಲಮಿನ ಕೆಳಗೂ ಜೀವನಾಂಶ ಕೇಳಬಹುದೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟಪಡಿಸಿದೆ. ಮರುಮದುವೆಯ ನಿಯಮ ಆ ಕಲಮಿನ ಆದೇಶಕ್ಕೆ ಎಲ್ಲರಿಗೂ ಒಂದೇ.

ಗಂಡ ಮರುಮದುವೆಯಾದರೆ? ಹಳೆಯ ಹೆಂಡತಿಯ ಜೀವನಾಂಶ ನಿಲ್ಲುವುದಿಲ್ಲ. ಹೊಸ ಸಂಸಾರದ ಖರ್ಚು ತೋರಿಸಿ ಮೊತ್ತ ಇಳಿಸಿ ಎಂದು ಕೇಳಲು ಅವನಿಗೆ ಅವಕಾಶವಿದೆ. ಬದಲಾದ ಸಂದರ್ಭವೆಂದು ನ್ಯಾಯಾಲಯ ಅದನ್ನು ತೂಗಿ ನೋಡುತ್ತದೆ, ಅಷ್ಟೆ. 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ನಂತರ ಇಬ್ಬರೂ ಆಸ್ತಿ, ಆದಾಯ, ಸಾಲ, ಅವಲಂಬಿತರ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕಾಗಿರುವುದರಿಂದ ಬರೀ ಗೋಳು ಹೇಳಿಕೊಂಡರೆ ನಡೆಯುವುದಿಲ್ಲ. ತಾನೇ ಬಯಸಿ ಹೊತ್ತ ಹೊಸ ಹೊರೆಯನ್ನು ಹಳೆಯ ಹೊಣೆಯಿಂದ ಕಳೆಯಬೇಕೆಂಬ ವಾದ ನನಗಂತೂ ಹಿಡಿಸುವುದಿಲ್ಲ.

ಇನ್ನು ಮಕ್ಕಳು. 'ಮದುವೆಯಾದರೆ ಮಗುವನ್ನು ಕಿತ್ಕೋತೀನಿ' ಎಂಬ ಬೆದರಿಕೆಗೆ ಹೆದರಿ ವರ್ಷಗಟ್ಟಲೆ ಒಂಟಿಯಾಗಿ ಉಳಿದ ತಾಯಂದಿರಿದ್ದಾರೆ. ಅವರಿಗಾಗಿ ಇದನ್ನು ಒತ್ತಿ ಹೇಳಬೇಕು: ಮರುಮದುವೆಯಾದಳು ಎಂಬ ಒಂದೇ ಕಾರಣಕ್ಕೆ ತಾಯಿಗೆ ಸುಪರ್ದಿ ನಿರಾಕರಿಸುವಂತಿಲ್ಲ ಎಂದು ಲೇಖಾ ವಿರುದ್ಧ ಅನಿಲ್ ಕುಮಾರ್ ಪ್ರಕರಣದಲ್ಲಿ 2006ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನ್ಯಾಯಾಲಯ ನೋಡುವುದು ಮಗುವಿನ ಹಿತವನ್ನು. ಹಾಗೆಂದು ಸುಪರ್ದಿಯ ಆದೇಶ ಕಲ್ಲಿನ ಮೇಲಿನ ಗೆರೆಯೂ ಅಲ್ಲ. ಮಗು ಬೆಳೆದಂತೆ, ಮನೆಯ ಸ್ಥಿತಿ ಬದಲಾದಂತೆ ಅದನ್ನು ತಿದ್ದಬಹುದೆಂದು 1973ರ ರೋಸಿ ಜೇಕಬ್ ತೀರ್ಪು ಹೇಳುತ್ತದೆ. ಹೊಸ ಮನೆಯಲ್ಲಿ ಮಗುವಿಗೆ ಹಿಂಸೆಯಾಗುತ್ತಿದ್ದರೆ ಅದನ್ನು ರುಜುವಾತುಪಡಿಸಿ ಬದಲಾವಣೆ ಕೇಳಬಹುದು. ತಂದೆ ಮರುಮದುವೆಯಾದಾಗಲೂ ಅಳತೆಗೋಲು ಇದೇ.

ವಿದೇಶದಲ್ಲಿರುವವರನ್ನು ಮದುವೆಯಾಗುವವರು ಇಲ್ಲಿ ಹೆಚ್ಚು ಜೋಪಾನವಾಗಿರಬೇಕು. ತಿಂಗಳಿಗೆ ಎರಡು ಶನಿವಾರ ತಂದೆ ಮಗುವನ್ನು ನೋಡಬಹುದೆಂದು ಆದೇಶವಿದ್ದಾಗ, ಮಗುವನ್ನು ಕರೆದುಕೊಂಡು ಅಮೆರಿಕಕ್ಕೆ ವಿಮಾನ ಹತ್ತಿದರೆ ಆದೇಶ ಮುರಿದಂತೆಯೇ. ಮೊದಲು ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಶನಿವಾರದ ಬದಲು ವಿಡಿಯೊ ಕರೆ, ಬೇಸಿಗೆ ರಜೆಯಲ್ಲಿ ಕೆಲವು ವಾರ ಎಂದು ಭೇಟಿಯನ್ನು ಮರುಹೊಂದಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ.

ಮರುಮದುವೆ ಯಾವಾಗ ಆಗಬಹುದು ಎಂಬುದಕ್ಕೆ ಎರಡು ಮಾತು ಸಾಕು. ಇಬ್ಬರೂ ಒಪ್ಪಿ ಪಡೆದ ವಿಚ್ಛೇದನಕ್ಕೆ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯಲ್ಲಿ ಮೇಲ್ಮನವಿಯೇ ಇಲ್ಲ. ಜಗಳವಾಡಿ ಪಡೆದದ್ದಾದರೆ ಮೇಲ್ಮನವಿಯ ಅವಧಿ ಮುಗಿಯುವವರೆಗೆ ಕಾಯಬೇಕು. ಆ ಕಾಯಿದೆ 30 ದಿನ ಎನ್ನುತ್ತದೆ, ಹಿಂದೂ ವಿವಾಹ ಕಾಯಿದೆ 90 ದಿನ ಎನ್ನುತ್ತದೆ. ನನ್ನ ಸಲಹೆ ಕೇಳಿದರೆ 90 ದಿನ ಕಾಯಿರಿ, ಛತ್ರ ಆಮೇಲೆ ಬುಕ್ ಮಾಡಿ.

ಪುರಾವೆಯ ವಿಷಯ ಬಾಕಿ ಉಳಿಯಿತು. ವಾಟ್ಸಾಪಿನಲ್ಲಿ ಬಂದ ಫೋಟೊ ಒಂದರಿಂದ ಮದುವೆ ಸಾಬೀತಾಗುವುದಿಲ್ಲ. ಹಿಂದೂ ವಿವಾಹ ಕಾಯಿದೆಯಲ್ಲಿ ಶಾಸ್ತ್ರ ನಡೆದಿರಬೇಕು. ಬರೀ ನೋಂದಣಿ ಸಾಲದು ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ನೆನಪಿಸಿದೆ. ಆದರೆ ಶಾಸ್ತ್ರವೆಂದರೆ ಸಪ್ತಪದಿಯೇ ಆಗಬೇಕಿಲ್ಲ, ಆ ಜನಾಂಗದ ಸಂಪ್ರದಾಯವೂ ನಡೆಯುತ್ತದೆ. ನಮ್ಮಲ್ಲಿ ಹಲವು ಸಮುದಾಯಗಳಲ್ಲಿರುವ ಉಡಿಕೆ, ಕೂಡಿಕೆಗಳೂ ಸಂಪ್ರದಾಯವೆಂದು ರುಜುವಾದರೆ ಮರುಮದುವೆಯೇ. 'ಉಡಿಕೆ ತಾನೆ, ಮದುವೆ ಅಲ್ಲವಲ್ಲ' ಎಂದು ಜೀವನಾಂಶ ಉಳಿಸಿಕೊಳ್ಳುವ ವಾದ ಅಲ್ಲಿ ನಿಲ್ಲದು. ಯಾವ ಸಮುದಾಯದಲ್ಲಿ ಉಡಿಕೆ ಹೇಗೆ ನಡೆಯುತ್ತದೆ, ಸಾಕ್ಷಿ ಹೇಳುವವರು ಯಾರು ಎಂಬುದನ್ನು ಕೋರ್ಟಿನ ಕಣ್ಣಿಂದ ಬರೆದಿಡಬೇಕಾಗಿದೆ. ಕಾನೂನು ಕಾಲೇಜಿನ ಹುಡುಗ ಹುಡುಗಿಯರು ತಮ್ಮ ತಮ್ಮ ತಾಲ್ಲೂಕಿನಲ್ಲೇ ಈ ಕೆಲಸ ಶುರುಮಾಡಬಹುದು.

ಆದೇಶ ಕೈಯಲ್ಲಿರುವ ಓದುಗರು ಈ ವಾರವೇ ಅದರ ದೃಢೀಕೃತ ನಕಲನ್ನು ತೆಗೆದು ಕೊನೆಯ ಪುಟವನ್ನು ಓದಿ. ಹಿಂದೂ ವಿವಾಹ ಕಾಯಿದೆಯ 25, 26ನೇ ಕಲಮುಗಳನ್ನೂ ನಾಗರಿಕ ಸುರಕ್ಷಾ ಸಂಹಿತೆಯ 144ರಿಂದ 147ರವರೆಗಿನ ಕಲಮುಗಳನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದರೆ ಇನ್ನೂ ಒಳ್ಳೆಯದು, ಒಟ್ಟು ಸೇರಿದರೂ ಕೆಲವೇ ಪುಟ. ವಕೀಲರ ಫೀಸು ಕಟ್ಟಲಾಗದ ಹೆಣ್ಣುಮಕ್ಕಳು ಕಾನೂನು ಸೇವಾ ಪ್ರಾಧಿಕಾರದ 15100 ಸಂಖ್ಯೆಗೆ ಕರೆ ಮಾಡಿ. 1987ರ ಕಾಯಿದೆಯ ಪ್ರಕಾರ ಮಹಿಳೆಯರಿಗೂ ಮಕ್ಕಳಿಗೂ ಉಚಿತ ಕಾನೂನು ನೆರವು ಕೊಡಲು ಆದಾಯದ ಮಿತಿ ನೋಡುವುದಿಲ್ಲ.