ಓಷನ್ ಸಿಟಿಗೆ ಹೋಗೋಣ ಬನ್ನಿ

ಊರಿನಿಂದ ಅಪ್ಪ-ಅಮ್ಮ ಬರುತ್ತಾರೆಂದರೆ ಮೇರಿಲ್ಯಾಂಡಿನ ಕನ್ನಡಿಗರ ಮನೆಗಳಲ್ಲಿ ಒಂದು ಪಟ್ಟಿ ತಯಾರಾಗುತ್ತದೆ. ವೈಟ್ ಹೌಸ್ ಮುಂದೆ ಒಂದು ಫೋಟೋ, ಲ್ಯಾನ್‌ಹ್ಯಾಮ್‌ನ ಶಿವ-ವಿಷ್ಣು ದೇವಸ್ಥಾನ, ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ, ಮಳೆಯಂಗಿ ಹಾಕಿಕೊಂಡು ನಯಾಗರ, ಸಾಧ್ಯವಾದರೆ ಡಿಸ್ನಿ. ಅಷ್ಟರಲ್ಲಿ ಆರು ತಿಂಗಳು ಮುಗಿದು ಸೂಟ್‌ಕೇಸ್ ತೂಕ ಮಾಡುವ ಹೊತ್ತು ಬಂದಿರುತ್ತದೆ. 2006ರ ಬೇಸಿಗೆಯಲ್ಲಿ ನಮ್ಮಮ್ಮ ಬಂದಾಗ ಈ ಪಟ್ಟಿಯನ್ನೆಲ್ಲ ಜುಲೈ ಹೊತ್ತಿಗೇ ಮುಗಿಸಿಬಿಟ್ಟಿದ್ದೆವು. ಒಂದು ದಿನ ಅಡುಗೆಮನೆಯಲ್ಲಿ ಕುಳಿತು ಹುರುಳಿಕಾಯಿ ಸೋಸುತ್ತಾ ಅಮ್ಮ ಕೇಳಿದರು: "ಅಲ್ಲಾ ಕಣೋ, ನಿಮ್ಮ ಊರಿಗೆ ಸಮುದ್ರ ಇಲ್ಲವೇನೋ?"

ನಾವು ತಿಪಟೂರಿನ ಕಡೆಯವರು. ತೆಂಗಿನ ಮರ ಎಷ್ಟು ಬೇಕಾದರೂ ಇದೆ, ಸಮುದ್ರ ಮಾತ್ರ ಇಲ್ಲ. ಅಮ್ಮ ತಮ್ಮ ಅರವತ್ತೈದು ವರ್ಷಗಳಲ್ಲಿ ಸಮುದ್ರ ನೋಡಿದ್ದು ಎರಡೇ ಸಲ, ಗೋಕರ್ಣದಲ್ಲೊಮ್ಮೆ, ರಾಮೇಶ್ವರದಲ್ಲೊಮ್ಮೆ. ಹಾಗಾಗಿ ಆ ವಾರವೇ ಓಷನ್ ಸಿಟಿಗೆ ಹೊರಟೆವು. ಆಮೇಲೆ ಈ ಊರಿಗೆ ಎಷ್ಟು ಸಲ ಹೋಗಿದ್ದೇವೋ ಲೆಕ್ಕವಿಲ್ಲ. ಸಂಘಕ್ಕೆ ಹೊಸದಾಗಿ ಸೇರಿದವರು "ಅಲ್ಲಿ ನಮ್ಮಂಥವರಿಗೆ ತಿನ್ನಲು ಏನಾದರೂ ಸಿಗುತ್ತಾ?" ಎಂದು ಪ್ರತಿವರ್ಷ ಕೇಳುತ್ತಾರೆ. ಅದಕ್ಕೇ ಈ ಲೇಖನ.

ವಾಷಿಂಗ್ಟನ್ ಕಡೆಯಿಂದ ಸುಮಾರು 150 ಮೈಲಿ, ಮೂರು ಗಂಟೆಯ ದಾರಿ. ಶುಕ್ರವಾರ ಸಂಜೆ ಹೊರಟರೆ ಐದು ಗಂಟೆಯಾದರೂ ಆಶ್ಚರ್ಯವಿಲ್ಲ. ದಾರಿಯಲ್ಲಿ ಚೆಸಪೀಕ್ ಬೇ ಬ್ರಿಡ್ಜ್ ದಾಟಬೇಕು. ನಾಲ್ಕು ಮೈಲಿಗೂ ಉದ್ದದ ಜೋಡಿ ಸೇತುವೆ. ಮೊದಲನೆಯದು 1952ರದು, ಎರಡನೆಯದು 1973ರದು. ಕೆಳಗೆ ಹಡಗು ಹೋಗಲೆಂದು ನಡುವೆ ಎಷ್ಟು ಎತ್ತರಕ್ಕೆ ಏರಿಸಿದ್ದಾರೆಂದರೆ, ಅಮ್ಮ ಕಣ್ಣು ಮುಚ್ಚಿ ವಿಷ್ಣು ಸಹಸ್ರನಾಮ ಶುರು ಮಾಡಿದವರು ಆಚೆ ದಡ ಬಂದ ಮೇಲೆಯೇ ನಿಲ್ಲಿಸಿದ್ದು! ಆಚೆಗೆ ಸಿಗುವುದು ಈಸ್ಟರ್ನ್ ಶೋರ್. ಚಪ್ಪಟೆ ನೆಲ, ಎರಡೂ ಕಡೆ ಮುಸುಕಿನ ಜೋಳದ ಹೊಲ, ರಸ್ತೆ ಬದಿಯಲ್ಲಿ ರೈತರ ಅಂಗಡಿಗಳು. ಇಲ್ಲಿ ನಿಲ್ಲಿಸದೆ ಹೋಗಬೇಡಿ. ಜುಲೈ-ಆಗಸ್ಟ್‌ನಲ್ಲಿ ಸಿಗುವ ಎಳೆ ಜೋಳ, ಕಲ್ಲಂಗಡಿ, ಟೊಮ್ಯಾಟೊ ನಮ್ಮ ಸೂಪರ್ ಮಾರ್ಕೆಟ್ಟಿನ ಮಾಲಿನಂತಲ್ಲ.

ಊರಿನ ಬಗ್ಗೆ ಎರಡು ಮಾತು. ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ಕೊಲ್ಲಿ, ನಡುವೆ ಹತ್ತು ಮೈಲಿ ಉದ್ದದ ಮರಳಿನ ಪಟ್ಟಿ. ಮೊದಲ ದೊಡ್ಡ ಹೋಟೆಲು ಬಾಗಿಲು ತೆರೆದದ್ದು 1875ರಲ್ಲಿ. ಚಳಿಗಾಲದಲ್ಲಿ ಏಳು ಸಾವಿರ ಜನರಿರುವ ಊರು, ಬೇಸಿಗೆಯ ವಾರಾಂತ್ಯದಲ್ಲಿ ಮೂರು ಲಕ್ಷದ ಹತ್ತಿರ ಹೋಗುತ್ತದೆ. ನಮ್ಮ ಸಿದ್ಧಗಂಗೆ ಜಾತ್ರೆ ನೆನಪಿಸಿಕೊಳ್ಳಿ, ಸಾಕು. ದಕ್ಷಿಣ ತುದಿಯಲ್ಲಿ ಬೋರ್ಡ್‌ವಾಕ್. ಸುಮಾರು ಮೂರು ಮೈಲಿ ಉದ್ದಕ್ಕೆ ಸಮುದ್ರಕ್ಕೆ ಸಮಾನಾಂತರವಾಗಿ ಹೋಗುವ ಮರದ ಹಲಗೆಯ ದಾರಿ. ಆಗ ಅದರ ಮೇಲೆ ಓಡುತ್ತಿದ್ದ ಪುಟ್ಟ ಟ್ರಾಮಿನಲ್ಲಿ ಅಮ್ಮನನ್ನು ಕೂರಿಸಿ ಒಂದು ಸುತ್ತು ಹೊಡೆಸಿದ್ದೆ. 2024ರ ಬೇಸಿಗೆಯಲ್ಲಿ ಒಂದು ದುರಂತ ನಡೆದ ಮೇಲೆ ಟ್ರಾಮ್ ನಿಂತುಹೋಯಿತು. ಈಗ ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಬೋರ್ಡ್‌ವಾಕ್‌ಗೆ ಹತ್ತಿರದಲ್ಲೇ ಕೋಣೆ ಹಿಡಿಯಿರಿ.

ಇನ್ನು ಹೊಟ್ಟೆಯ ವಿಚಾರ. ಸಸ್ಯಾಹಾರಿಗಳೇ, ಹೆದರಬೇಡಿ. ಬೋರ್ಡ್‌ವಾಕ್‌ನ ರಾಜ ಎಂದರೆ ಆಲೂಗಡ್ಡೆ! ಥ್ರಾಶರ್ಸ್ ಎಂಬ ಅಂಗಡಿ 1929ರಿಂದ ಅಲ್ಲಿ ಫ್ರೆಂಚ್ ಫ್ರೈಸ್ ಮಾರುತ್ತಿದೆ. ಕರಿಯುವುದು ಶುದ್ಧ ಕಡಲೆಕಾಯಿ ಎಣ್ಣೆಯಲ್ಲಿ, ನಮ್ಮೂರ ಜಾತ್ರೆಯ ಬೋಂಡದಂತೆ. ಕೆಚಪ್ ಕೇಳಿದರೆ ಸಿಗುವುದಿಲ್ಲ. ಉಪ್ಪು ಮತ್ತು ಆಪಲ್ ಸೈಡರ್ ವಿನಿಗರ್, ಅಷ್ಟೇ. ಮೊದಲ ಸಲ ಅಮ್ಮನಿಗೆ "ಇದೇನೋ, ಹುಳಿ ಬಂದಿದೆ" ಅನ್ನಿಸಿತು. ಬಕೆಟ್ಟಿನ ತಳ ಕಂಡಾಗ "ಇನ್ನೊಂದು ತಗೋತೀಯಾ?" ಎಂದು ಕೇಳಿದವರೂ ಅವರೇ. ಒಂದು ಎಚ್ಚರಿಕೆ: ಸೀಗಲ್ ಹಕ್ಕಿಗಳು. ಧರ್ಮಸ್ಥಳದ ಕೋತಿಗಳಿಗೆ ರೆಕ್ಕೆ ಬಂದರೆ ಹೇಗಿರುತ್ತದೋ ಹಾಗೆ. ಬಕೆಟ್ಟನ್ನು ಎದೆಗವಚಿಕೊಂಡೇ ತಿನ್ನಿ.

ಫಿಶರ್ಸ್ ಪಾಪ್‌ಕಾರ್ನ್ 1937ರದು. ತಾಮ್ರದ ಕಡಾಯಿಯಲ್ಲಿ ಕ್ಯಾರಮೆಲ್ ಕಾಸುವ ವಾಸನೆ ನಿಮ್ಮನ್ನು ಎರಡು ಬ್ಲಾಕ್ ದೂರದಿಂದ ಎಳೆದು ತರುತ್ತದೆ. ಡಾಲಿಸ್‌ನಲ್ಲಿ 1910ರಿಂದ ಸಾಲ್ಟ್ ವಾಟರ್ ಟ್ಯಾಫಿ ಮಾಡುತ್ತಾರೆ. ಹೆಸರು ಹಾಗಿದ್ದರೂ ಅದರಲ್ಲಿ ಸಮುದ್ರದ ನೀರಿಲ್ಲ! ನನಗೇನೂ ಅಷ್ಟು ಹಿಡಿಸಲಿಲ್ಲ, ಹಲ್ಲು ಕಟ್ಟಿಸಿಕೊಂಡವರಂತೂ ದೂರವಿರಿ. ಐಸ್‌ಕ್ರೀಮಿಗೆ ಡಮ್ಸರ್ಸ್, 1939ರಿಂದ.

ಮಾಂಸಾಹಾರಿಗಳಿಗೆ ಹೇಳಬೇಕಾದ್ದೇ ಇಲ್ಲ, ಮೇರಿಲ್ಯಾಂಡ್ ಏಡಿಯ ನಾಡು. ಟೇಬಲ್ಲಿನ ಮೇಲೆ ಕಂದು ಕಾಗದ ಹಾಸಿ, ಆವಿಯಲ್ಲಿ ಬೇಯಿಸಿದ ಏಡಿಗಳನ್ನು ರಾಶಿ ಸುರಿದು, ಕೈಗೊಂದು ಮರದ ಸುತ್ತಿಗೆ ಕೊಡುತ್ತಾರೆ. ನಮ್ಮ ಜೊತೆ ಬಂದಿದ್ದ ಮಂಗಳೂರಿನ ಸ್ನೇಹಿತ ಎರಡು ಗಂಟೆ ತಲೆ ಎತ್ತಲಿಲ್ಲ. ಕೊನೆಗೆ ಕೊಟ್ಟ ತೀರ್ಪು: "ಏಡಿ ಫಸ್ಟ್ ಕ್ಲಾಸ್. ತೆಂಗಿನಕಾಯಿ ಅರೆದು ಹಾಕಿ ಸುಕ್ಕ ಮಾಡಬೇಕಿತ್ತು ಮಾರಾಯ!" ಏಡಿಗೆ ಹಚ್ಚುವ ಓಲ್ಡ್ ಬೇ ಮಸಾಲೆಯ ಕಥೆ ಚೆನ್ನಾಗಿದೆ. ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಗುಸ್ತಾವ್ ಬ್ರನ್ ಎಂಬ ಯಹೂದಿ ಮಸಾಲೆ ವ್ಯಾಪಾರಿ ಬಾಲ್ಟಿಮೋರಿನಲ್ಲಿ 1939ರಲ್ಲಿ ಶುರು ಮಾಡಿದ್ದು. ಸೆಲರಿ, ಮೆಣಸು, ಕೆಂಪು ಮೆಣಸಿನಕಾಯಿ ಎಲ್ಲ ಇರುವ ಪುಡಿ. ನನ್ನ ಹೆಂಡತಿ ಅದನ್ನು ಚುರುಮುರಿಗೆ ಹಾಕುತ್ತಾಳೆ. ನಗಬೇಡಿ, ಒಮ್ಮೆ ಮಾಡಿ ನೋಡಿ.

ಆದರೆ ನಾಲ್ಕು ದಿನ ಫ್ರೈಸ್, ಪಿಜ್ಜಾ ತಿಂದು ಬದುಕಲಾಗುವುದಿಲ್ಲವಲ್ಲ. ಅಡುಗೆಮನೆ ಇರುವ ಕಾಂಡೋ ಬಾಡಿಗೆಗೆ ಹಿಡಿಯಿರಿ, ಊರಿನ ಉತ್ತರ ಭಾಗದಲ್ಲಿ ಬೇಕಾದಷ್ಟಿವೆ. ಕುಕ್ಕರ್ ಮತ್ತು ಒಗ್ಗರಣೆ ಡಬ್ಬಿ ಮರೆಯಬೇಡಿ. ಕೂಲರಿನಲ್ಲಿ ಮೊಸರನ್ನ, ಡಬ್ಬಿಯಲ್ಲಿ ಕೋಡುಬಳೆ, ಸಮುದ್ರದ ಎದುರು ಕುಳಿತರೆ ಅದಕ್ಕಿಂತ ಒಳ್ಳೆಯ ರೆಸ್ಟೋರೆಂಟ್ ಇಲ್ಲ.

ಹೀಗೆ ಕುಳಿತಿದ್ದಾಗಲೇ ಆ ಘಟನೆ ನಡೆದದ್ದು.

ಮಧ್ಯಾಹ್ನ ಮೂರರ ಸುಮಾರು. ನನ್ನ ಹೆಂಡತಿ, ಮಗ, ನಾನು ನೀರಿನಲ್ಲಿದ್ದೆವು. ಮಗನಿಗೆ ಆಗ ಹತ್ತು ವರ್ಷ. ಅಮ್ಮ ಮಾತ್ರ ಎಷ್ಟು ಕರೆದರೂ ನೀರಿಗಿಳಿಯಲಿಲ್ಲ. ಪರ್ವಕಾಲದಲ್ಲಲ್ಲದೆ ಸಮುದ್ರವನ್ನು ಮುಟ್ಟಬಾರದು ಎನ್ನುವುದು ಅವರು ಕೇಳಿಕೊಂಡು ಬಂದ ಶಾಸ್ತ್ರ. ಹುಣ್ಣಿಮೆ ಕಳೆದು ಹತ್ತು ದಿನವಾಗಿದೆ, ಅಮಾವಾಸ್ಯೆಗೆ ಇನ್ನೂ ನಾಲ್ಕು ದಿನವಿದೆ ಎಂದು ಲೆಕ್ಕ ಹೇಳಿ ಕೊಡೆಯ ಕೆಳಗೆ ಕುಳಿತುಬಿಟ್ಟರು. ನಾನು ನಕ್ಕಿದ್ದೆ.

ಅಲೆಗಳು ಜೋರಾಗಿದ್ದವು. ಎಡಕ್ಕೂ ಬಲಕ್ಕೂ ಬಿಳಿ ನೊರೆ. ನಡುವೆ ಒಂದು ಕಡೆ ಮಾತ್ರ ಅಲೆಯೇ ಒಡೆಯದೆ ನೀರು ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಾಣುತ್ತಿತ್ತು. "ಅಲ್ಲಿ ಆಡು, ಅಲ್ಲಿ ಅಲೆ ಕಡಿಮೆ" ಎಂದು ಮಗನಿಗೆ ಹೇಳಿದವನು ನಾನೇ. ಈ ಮಾತನ್ನು ಬರೆಯಲು ಈಗಲೂ ಕೈ ಬರುವುದಿಲ್ಲ. ಸೊಂಟದ ಮಟ್ಟದ ನೀರಿನಲ್ಲಿದ್ದ ಹುಡುಗ ಎರಡು ನಿಮಿಷದಲ್ಲಿ ಮೂವತ್ತು-ನಲವತ್ತು ಗಜ ಒಳಗೆ ಹೋಗಿದ್ದ. ನಾವಿಬ್ಬರೂ ಹಿಂದಿನ ದಿನದ ಕಾಂಡೋ ಬಾಗಿಲಿನ ಬೀಗದ ಬಗ್ಗೆ ಏನೋ ವಾದ ಮಾಡುತ್ತಾ ನಿಂತಿದ್ದೆವು. ನೋಡಿದ್ದು ಅಮ್ಮ. ಒಣ ಮರಳಿನ ಮೇಲೆ ಕುಳಿತು ಮೊಮ್ಮಗನೊಬ್ಬನನ್ನೇ ನೋಡುತ್ತಿದ್ದವರು ಎದ್ದು ನಿಂತು "ಮಗೂ! ಮಗೂ!" ಎಂದು ಕಿರುಚಿದರು.

ನಾನು ನುಗ್ಗಿದೆ. ನನಗೆ ಈಜು ಬರುವುದಿಲ್ಲ ಎನ್ನುವುದು ನೀರು ಕುತ್ತಿಗೆಗೆ ಬಂದ ಮೇಲೆ ನೆನಪಾಯಿತು. ಕಾಲಿಗೆ ನೆಲ ಸಿಗಲಿಲ್ಲ. ದಡದ ಕಡೆಗೆ ಎಷ್ಟು ಕೈ ಬಡಿದರೂ ದಡ ದೂರವೇ ಆಗುತ್ತಿತ್ತು. ಅಷ್ಟರಲ್ಲಿ ಸೀಟಿಯ ಸದ್ದು, ನನ್ನ ಪಕ್ಕದಲ್ಲೇ ಯಾರೋ ಮೀನಿನಂತೆ ಹಾದುಹೋದರು. ಬೀಚ್ ಪೆಟ್ರೋಲ್‌ನ ಹುಡುಗ, ಕಾಲೇಜು ಓದುವ ವಯಸ್ಸು. ಅವನ ಹಿಂದೆ ಇನ್ನೊಬ್ಬಳು ಹುಡುಗಿ, ನನಗಾಗಿ. ತೇಲುವ ಕೆಂಪು ಬಾಯ್ ಹಿಡಿಸಿ, ನೇರವಾಗಿ ದಡಕ್ಕಲ್ಲ, ಪಕ್ಕಕ್ಕೆ ಎಳೆದುಕೊಂಡು ಹೋಗಿ, ಅಲೆ ಒಡೆಯುವ ಜಾಗದಿಂದ ದಡಕ್ಕೆ ತಂದರು. ಮಗ ಒಂದಿಷ್ಟು ಉಪ್ಪು ನೀರು ಕಾರಿ ಎದ್ದು ಕುಳಿತ. ನನಗೇ ಹೆಚ್ಚು ಹೊತ್ತು ಬೇಕಾಯಿತು.

ಆಮೇಲೆ ಆ ಹುಡುಗ ಮರಳಿನ ಮೇಲೆ ಬೆರಳಿನಿಂದ ಗೆರೆ ಎಳೆದು ವಿವರಿಸಿದ. ಅದರ ಹೆಸರು ರಿಪ್ ಕರೆಂಟ್. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಲೇಬೇಕಲ್ಲ? ನೀರಿನೊಳಗಿನ ಮರಳ ದಿಬ್ಬಗಳ ನಡುವೆ ಎಲ್ಲಿ ಸಂದಿ ಇದೆಯೋ ಅಲ್ಲಿ ಹೊಳೆಯಂತೆ ಒಳಕ್ಕೆ ಹರಿಯುತ್ತದೆ. ಅಲ್ಲಿ ಆಳ ಜಾಸ್ತಿ, ಆದ್ದರಿಂದ ಅಲೆ ಒಡೆಯುವುದಿಲ್ಲ. ನಮ್ಮಂಥವರ ಕಣ್ಣಿಗೆ ಅದೇ ಸುರಕ್ಷಿತ ಜಾಗವಾಗಿ ಕಾಣುತ್ತದೆ! ಅದು ಯಾರನ್ನೂ ಕೆಳಗೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ ಅಷ್ಟೇ. ಸಾಯುವುದು ಅದರ ವಿರುದ್ಧ ಈಜಿ ಸುಸ್ತಾಗಿ. ಸಿಕ್ಕಿಕೊಂಡರೆ ಗಾಬರಿಯಾಗದೆ ತೇಲಬೇಕು, ಕೈ ಎತ್ತಿ ಕರೆಯಬೇಕು, ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಈಜಿ ಪಕ್ಕಕ್ಕೆ ಹೊರಬರಬೇಕು. ಅಮೆರಿಕದ ಕಡಲ ತೀರಗಳಲ್ಲಿ ಜೀವರಕ್ಷಕರು ಎಳೆದು ತರುವ ಜನರಲ್ಲಿ ಶೇಕಡಾ 80ಕ್ಕೂ ಹೆಚ್ಚು ಮಂದಿ ಹೀಗೆ ರಿಪ್ ಕರೆಂಟಿಗೆ ಸಿಕ್ಕಿದವರೇ. ನಮ್ಮ ಪೈಕಿ ಎಷ್ಟು ಜನಕ್ಕೆ ಇದು ಗೊತ್ತು? ಇಪ್ಪತ್ತು ವರ್ಷ ಓದಿದೆ, ಇಂಜಿನಿಯರಿಂಗಿನಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್ ಕೂಡ ಪಾಸು ಮಾಡಿದ್ದೆ!

ಓಷನ್ ಸಿಟಿ ಬೀಚ್ ಪೆಟ್ರೋಲ್ 1930ರಿಂದ ಇದೆ. ಬೇಸಿಗೆಯಲ್ಲಿ ಬೆಳಗ್ಗೆ 10ರಿಂದ ಸಂಜೆ 5.30ರವರೆಗೆ ಎತ್ತರದ ಬಿಳಿ ಕುರ್ಚಿಗಳಲ್ಲಿ ಕುಳಿತಿರುತ್ತಾರೆ. ಕುರ್ಚಿಯಿಂದ ಕುರ್ಚಿಗೆ ಎರಡು ಬಾವುಟ ಬೀಸುತ್ತಾ ಮಾತಾಡುವುದನ್ನು ನೀವು ನೋಡಬಹುದು, ಹಡಗಿನವರ ಹಳೆಯ ಸೆಮಾಫೋರ್ ಭಾಷೆ ಅದು. ನಾನು ಕೇಳಿಕೊಳ್ಳುವುದಿಷ್ಟೇ: ಕುರ್ಚಿಯಲ್ಲಿ ಜನ ಇಲ್ಲದ ಹೊತ್ತಿನಲ್ಲಿ ನೀರಿಗಿಳಿಯಬೇಡಿ. ಹೋದ ಕೂಡಲೇ ಅವರ ಹತ್ತಿರ ಹೋಗಿ "ಇವತ್ತು ನೀರು ಹೇಗಿದೆ, ಎಲ್ಲಿ ಇಳಿಯಬಹುದು?" ಎಂದು ಕೇಳಿ. ಸಂಕೋಚ ಬೇಡ, ಅವರಿಗೂ ಅದೇ ಬೇಕು. ಮೊಣಕಾಲವರೆಗೆ ತಾನೇ ಎಂದು ಸೀರೆ, ಚೂಡಿದಾರ್, ಜೀನ್ಸ್‌ನಲ್ಲಿ ಇಳಿಯುತ್ತೇವಲ್ಲ, ನೆನೆದ ಬಟ್ಟೆಯ ಭಾರ ಸಾಮಾನ್ಯವಲ್ಲ. ಮಕ್ಕಳನ್ನು ಈಜಿನ ಕ್ಲಾಸಿಗೆ ಹಾಕುತ್ತೇವೆ, ನಾವು ಮಾತ್ರ ಪುಸ್ತಕ ಹಿಡಿದು ದಡದಲ್ಲಿ ಕೂರುತ್ತೇವೆ. ನಾನು ಆ ಚಳಿಗಾಲ ನಲವತ್ತೊಂದನೇ ವಯಸ್ಸಿನಲ್ಲಿ ಐದು ವರ್ಷದ ಮಕ್ಕಳ ಜೊತೆ ವೈಎಂಸಿಎ ಕೊಳಕ್ಕೆ ಇಳಿದೆ. ಅವರು ನಕ್ಕರು, ನಗಲಿ.

ನೀರಿಗೆ ಇಳಿಯದವರಿಗೂ ಇಲ್ಲಿ ಕೆಲಸವಿದೆ. ಬೋರ್ಡ್‌ವಾಕ್‌ನ ದಕ್ಷಿಣದಲ್ಲಿ ಟ್ರಿಂಪರ್ಸ್‌ನ 1912ರ ಮರದ ಕುದುರೆಗಳ ಕ್ಯಾರೊಸೆಲ್ ಇನ್ನೂ ತಿರುಗುತ್ತಿದೆ. ತೀರಾ ತುದಿಯಲ್ಲಿ 1891ರ ಜೀವರಕ್ಷಕ ಠಾಣೆಯ ಕಟ್ಟಡ ಈಗ ಮ್ಯೂಸಿಯಂ. ಹಡಗು ಒಡೆದಾಗ ಹುಟ್ಟು ಹಾಕಿಕೊಂಡು ಹೋಗುತ್ತಿದ್ದವರ ದೋಣಿ, ಹಗ್ಗಗಳನ್ನೆಲ್ಲ ಇಟ್ಟಿದ್ದಾರೆ. ಮೊದಲು ಎಷ್ಟೋ ಸಲ ಅದರ ಮುಂದೆ ಪಾಪ್‌ಕಾರ್ನ್ ತಿನ್ನುತ್ತಾ ಹೋಗಿಬಿಡುತ್ತಿದ್ದೆವು. ಅಲ್ಲಿಂದ ನೋಡಿದರೆ ಆಚೆಗೆ ಕಾಣುವ ದ್ವೀಪ ಅಸಟೀಗ್. 1933ರ ಆಗಸ್ಟಿನವರೆಗೆ ಅದೂ ಇದೂ ಒಂದೇ ನೆಲ. ಆ ತಿಂಗಳ ಚಂಡಮಾರುತ ನಡುವೆ ಸೀಳಿಕೊಂಡು ಹೋಗಿ ಈಗಿನ ಕಾಲುವೆ ಮಾಡಿತು. ಕಾರಿನಲ್ಲಿ ಸುತ್ತಿಕೊಂಡು ಹೋಗಬೇಕು. 1965ರಿಂದ ರಾಷ್ಟ್ರೀಯ ಕಡಲತೀರವಾಗಿರುವ ಆ ದ್ವೀಪದಲ್ಲಿ ಅಂಗಡಿ, ಹೋಟೆಲು ಏನೂ ಇಲ್ಲ. ಕಾಡು ಕುದುರೆಗಳಿವೆ, ಕಡಲ ದಂಡೆಯಲ್ಲೇ ಅಡ್ಡಾಡುತ್ತಿರುತ್ತವೆ. ನಲವತ್ತು ಅಡಿ ದೂರ ನಿಲ್ಲಬೇಕು, ಏನೂ ತಿನ್ನಿಸಬಾರದು. ತಿಂಡಿಯ ಆಸೆಗೆ ರಸ್ತೆಗೆ ಬಂದು ಕಾರಿಗೆ ಸಿಗುತ್ತವೆ. ಅಮ್ಮನಿಗೆ ಇದು ಒಪ್ಪಿಗೆಯಾಗಲಿಲ್ಲ. "ಮನೆ ಬಾಗಿಲಿಗೆ ಬಂದ ಬಸವನಿಗೆ ಒಂದು ಹಿಡಿ ಅಕ್ಕಿಯೂ ಹಾಕಬಾರದೇ?" ಅಂದರು. ಸೊಳ್ಳೆ, ನೊಣದ ಕಾಟ ಮಾತ್ರ ಜುಲೈಯಲ್ಲಿ ಅಸಾಧ್ಯ. ಔಷಧಿ ಬಳಿದುಕೊಂಡೇ ಇಳಿಯಿರಿ.

ಊರಿಗೆ ವಾಪಸಾದ ಮೇಲೆ ಅಮ್ಮ ಪಂಚಾಂಗ ತೆಗೆದು ಕುಳಿತರು. ಮೊಮ್ಮಗನನ್ನು ಬಿಟ್ಟುಕೊಟ್ಟ ಸಮುದ್ರರಾಜನಿಗೆ ಹುಣ್ಣಿಮೆಯ ದಿನ ಪೂಜೆ ಮಾಡಿ ಸ್ನಾನ ಮಾಡಲೇಬೇಕಂತೆ. ನನಗೆ ಆ ಊರಿನ ಹೆಸರು ಕೇಳಿದರೇ ಎದೆ ಡವಗುಟ್ಟುತ್ತಿತ್ತು. ಆದರೂ ಭಾದ್ರಪದ ಹುಣ್ಣಿಮೆ ಸೆಪ್ಟೆಂಬರ್ 7ಕ್ಕೆ ಬಿತ್ತು. ಗುರುವಾರ. ಲೇಬರ್ ಡೇ ಮುಗಿದಿತ್ತು. ನಾನು ಆಫೀಸಿಗೆ ರಜೆ ಹಾಕಿದೆ, ಮಗ ಶಾಲೆ ತಪ್ಪಿಸಿದ. ನನ್ನನ್ನು ಕೇಳಿದರೆ ಓಷನ್ ಸಿಟಿಗೆ ಹೋಗಬೇಕಾದ ಕಾಲವೇ ಅದು. ಜನ ಖಾಲಿ, ಬಾಡಿಗೆ ಕಡಿಮೆ, ನೀರು ಬೇಸಿಗೆಯಿಡೀ ಕಾದು ಬೆಚ್ಚಗೆ, ಕುರ್ಚಿಗಳು ಕಡಿಮೆಯಾದರೂ ಕಾವಲು ಇನ್ನೂ ಇರುತ್ತದೆ.

ಆ ದಿನ ಅಲೆ ತಗ್ಗಿತ್ತು. ಕುರ್ಚಿಯಲ್ಲಿದ್ದವನನ್ನು ಕೇಳಿ, ಅವನು ತೋರಿಸಿದ ಜಾಗದಲ್ಲಿ, ಅವನ ಕಣ್ಣೆದುರಿಗೇ ಅಮ್ಮ ಮೊಣಕಾಲುದ್ದ ನೀರಿನಲ್ಲಿ ಕುಳಿತು ಚೊಂಬಿನಿಂದ ತಲೆಗೆ ಸುರಿದುಕೊಂಡರು. ಒಂದು ಕೈ ನಾನು ಹಿಡಿದಿದ್ದೆ, ಇನ್ನೊಂದು ಕೈ ಮಗ. ಕಾಯಿಯನ್ನು ಸಮುದ್ರಕ್ಕೆ ಬಿಡುವುದು ಬೇಡವೆಂದು ಒಪ್ಪಿಸುವಷ್ಟರಲ್ಲಿ ನನಗೆ ಸಾಕಾಗಿತ್ತು. ಕಾಂಡೋದಲ್ಲಿ ಒಡೆದು ಚಟ್ನಿ ಮಾಡಿದೆವು. ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಅಮ್ಮ ನೇರ ಆ ಬಿಳಿ ಕುರ್ಚಿಯ ಹತ್ತಿರ ಹೋಗಿ, ಸೆರಗಿನ ಮರೆಯಲ್ಲಿಟ್ಟುಕೊಂಡಿದ್ದ ಕೋಡುಬಳೆ ಡಬ್ಬಿಯನ್ನು ಮೇಲಕ್ಕೆ ಚಾಚಿದರು. "ಅಮ್ಮ, ಅವನು ಬೇರೆ ಹುಡುಗ, ಮೊದಲಿನವನು ಕಾಲೇಜಿಗೆ ಹೋಗಿರುತ್ತಾನೆ" ಎಂದೆ.

"ಇರಲಿ ಬಿಡು, ಇವನೂ ಯಾರ ಮಗನನ್ನೋ ತಂದಿರುತ್ತಾನೆ" ಎಂದರು ಅಮ್ಮ. ಹುಡುಗ ನೀರಿನಿಂದ ಕಣ್ಣು ಕೀಳದೆಯೇ ಕೈ ಚಾಚಿ ಎರಡು ತೆಗೆದುಕೊಂಡ. ಖಾರ ಜಾಸ್ತಿಯಾಯಿತೆಂದು ಕಾಣುತ್ತದೆ, ಸ್ವಲ್ಪ ಹೊತ್ತಿಗೆ ನೀರಿನ ಬಾಟಲಿ ಹುಡುಕತೊಡಗಿದ.