ಕರಪತ್ರದ ಹಿಂದಿನ ಆರು ವರ್ಷ

ಅಮೆರಿಕದ ಕರಿಯರ ಹೋರಾಟ ಅಂದಕೂಡಲೇ ನಮಗೆ ನೆನಪಾಗುವವರು ಬಸ್ಸಿನಲ್ಲಿ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಮತ್ತು ಮಾರ್ಟಿನ್ ಲೂಥರ್ ಕಿಂಗ್. ರೋಸಾ ಬಂಧನವಾದದ್ದು 1955ರ ಡಿಸೆಂಬರ್ 1ರಂದು; ಕಿಂಗ್ ನಾಯಕರಾಗಿ ಆಯ್ಕೆಯಾದದ್ದು 5ರಂದು. ಈ ನಡುವೆ ಮಾಂಟ್‌ಗೊಮರಿ ಊರನ್ನು ಎಬ್ಬಿಸಿದವರು ಯಾರು? ಜೋ ಆನ್ ಗಿಬ್ಸನ್ ರಾಬಿನ್‌ಸನ್ ಅವರ ನೆನಪಿನ ಪುಸ್ತಕ ಉತ್ತರ ಕೊಡುತ್ತದೆ. 1987ರಲ್ಲಿ ಬಂದ ಆ ಪುಸ್ತಕದ ಹೆಸರಿನಲ್ಲೇ ಬಸ್ ಬಹಿಷ್ಕಾರದ ಜೊತೆಗೆ ಅದನ್ನು ಶುರುಮಾಡಿದ ಹೆಂಗಸರೂ ಇದ್ದಾರೆ.

ರಾಬಿನ್‌ಸನ್ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. 1949ರಲ್ಲಿ, ಹೆಚ್ಚುಕಮ್ಮಿ ಖಾಲಿ ಇದ್ದ ಬಸ್ಸಿನಲ್ಲಿ ಮುಂದೆ ಕೂತದ್ದಕ್ಕೆ ಡ್ರೈವರ್ ಕೂಗಾಡಿದ. ಅವರು ಅಳುತ್ತಾ ಇಳಿದರು. ಅತ್ತು ಸುಮ್ಮನಾಗಲಿಲ್ಲ. 1946ರಲ್ಲಿ ಮೇರಿ ಫೇರ್ ಬರ್ಕ್ಸ್ ಕಟ್ಟಿದ್ದ ಕರಿಯ ಮಹಿಳೆಯರ ರಾಜಕೀಯ ಮಂಡಳಿಗೆ ಅಧ್ಯಕ್ಷೆಯಾದರು. 1954ರ ಮೇನಲ್ಲಿ ಮೇಯರ್‌ಗೆ ಪತ್ರ ಬರೆದರು: ಬಸ್ಸು ಹತ್ತುವವರಲ್ಲಿ ಮುಕ್ಕಾಲು ಪಾಲು ನಾವೇ, ನಾವು ಹತ್ತದಿದ್ದರೆ ಬಸ್ಸು ಓಡಲಾರದು. ಈ ಲೆಕ್ಕವೇ ಅವರ ಆಯುಧ.

ಹಾಗಾಗಿ ರೋಸಾ ಬಂಧನದ ಸುದ್ದಿ ಬಂದ ರಾತ್ರಿ ಏನು ಮಾಡಬೇಕೆಂದು ಹುಡುಕಬೇಕಾಗಿರಲಿಲ್ಲ. ಒಬ್ಬ ಸಹೋದ್ಯೋಗಿ, ಇಬ್ಬರು ವಿದ್ಯಾರ್ಥಿಗಳ ಜೊತೆ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಬೆಳಗಾಗುವತನಕ ಸಾವಿರಾರು ಕರಪತ್ರ ತೆಗೆದರು. ಅದು ಸರ್ಕಾರಿ ದುಡ್ಡಿನ ಕಾಲೇಜು. ಸಿಕ್ಕಿಬಿದ್ದರೆ ಕೆಲಸಕ್ಕೇ ಕುತ್ತು. ಡಿಸೆಂಬರ್ 5ರ ಬೆಳಿಗ್ಗೆ ಬಸ್ಸುಗಳು ಖಾಲಿ ಓಡಿದವು. ಕಿಂಗ್ ಆಯ್ಕೆ ಆಮೇಲೆ ನಡೆದದ್ದು. ಜನ 381 ದಿನ ನಡೆದರು, ಕಾರು ಹಂಚಿಕೊಂಡರು. ಬಸ್ಸಿನ ಭೇದಭಾವ ಸಂವಿಧಾನಬಾಹಿರವೆಂಬ ತೀರ್ಪನ್ನು 1956ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ನಮ್ಮ ಹಳ್ಳಿಗಳಲ್ಲಿ ಬಹಿಷ್ಕಾರ ಅಂದರೆ ಊರು ಕೇರಿಯ ಮೇಲೆ ಹೂಡುವ ಯುದ್ಧ: ಅಂಗಡಿ ಸಾಮಾನಿಲ್ಲ, ಕೂಲಿಯಿಲ್ಲ. ಅಲ್ಲಿ ಅದೇ ಆಯುಧ ತುಳಿಸಿಕೊಂಡವರ ಕೈಗೆ ಬಂತು. ಅದಕ್ಕೆ ಸಿಟ್ಟೊಂದೇ ಸಾಲಲಿಲ್ಲ. ಯಾರ ಗಂಟು ಯಾರ ಕಾಸಿನಿಂದ ತುಂಬುತ್ತಿದೆ ಎಂಬ ತಿಳಿವು, ವರ್ಷಗಟ್ಟಲೆಯ ಸಭೆ, ಬಲವಾದ ಸಂಘಟನೆ ಬೇಕಾಯಿತು.

ದಲಿತ ಆತ್ಮಕಥನಗಳನ್ನು ಓದುವಾಗ ನಮ್ಮ ವಿಮರ್ಶೆ ಹೆಚ್ಚಾಗಿ ಅವಮಾನದ ಪುಟಗಳಲ್ಲೇ ನಿಂತುಬಿಡುತ್ತದೆ. ನೋವನ್ನು ಕಂಡು ಮರುಗುವುದು ಮೇಲ್ಜಾತಿ ಓದುಗರಿಗೂ ಸಲೀಸು. ಆ ನೋವು ಸಂಘಟನೆಯಾದ ಬಗೆಯನ್ನು ಹೇಳುವ ಪುಟಗಳೂ ಸಾಹಿತ್ಯವೇ. ಕರಪತ್ರ ಬರೆದವರು, ರಾತ್ರಿ ಗೋಡೆಗೆ ಅಂಟಿಸಿದವರು, ಜಾಥಾದವರಿಗೆ ಮುದ್ದೆ ತೊಳಸಿದ ಅವ್ವಂದಿರು—ಇವರ ನೆನಪುಗಳನ್ನು ಯಾರು ಬರೆಸುತ್ತೀರಿ?